ಮೊದಲ ಸಂಬಳಕ್ಕೆ ಮುಂಚಿನ ಆರು ಶನಿವಾರ

ಕೋಲಾರದಲ್ಲಿ ಹುಡುಗರಿಗೆ ತರಬೇತಿ ಕೊಟ್ಟು ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿಸುವುದು ನನ್ನ ಕಸುಬು. ಮೂರನೇ ತಂಡದ 28 ಹುಡುಗರಿಗೆ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಡೆ ಕೆಲಸ ಕೊಡಿಸಿದೆ. ಆರು ತಿಂಗಳ ಮೇಲೆ ಎಣಿಸಿದರೆ ಉಳಿದವರು ಏಳೋ ಎಂಟೋ ಮಂದಿ. "ದುಡಿಯುವ ಮನಸ್ಸೇ ಇಲ್ಲ, ಬಿಡಿ ಸರ್" ಎಂದರು ಒಬ್ಬ ಸೂಪರ್‌ವೈಸರ್. ಇದೇ ಕಸುಬಿನಲ್ಲಿರುವ ಗೆಳೆಯರದೂ ಅದೇ ಮಾತು: ಹಾಜರಾತಿ, ನೇಮಕಾತಿ ಪತ್ರ ಸರಿಯಿದ್ದರೆ ತರಬೇತಿಯ ಹಣದ ಕಂತು ಬರುತ್ತದೆ, ಆಮೇಲಿನ ಉಸಾಬರಿ ನಿನಗೇಕೆ?

ಬೆಂಗಳೂರಿನಿಂದ ವ್ಯಕ್ತಿತ್ವ ವಿಕಸನದವರನ್ನು ಕರೆಸಿ ನಲವತ್ತು ಸಾವಿರ ಕಳೆದೆ. ಹುಡುಗರು ಕೈಕುಲುಕುವುದನ್ನು ಕಲಿತರು. ತರಬೇತಿಯ ಭತ್ಯೆ ಹೆಚ್ಚಿಸಿದರೆ ತರಬೇತಿ ಮುಗಿಯುವವರೆಗೆ ಮಾತ್ರ ಉಳಿದರು.

ಕೊನೆಗೆ ಬೈಕ್ ಹತ್ತಿ, ಕೆಲಸ ಬಿಟ್ಟವರ ಮನೆಗಳಿಗೇ ಹೋದೆ. ಶ್ರೀನಿವಾಸಪುರದ ಕಡೆಯ ಒಬ್ಬ ಸಿಕ್ಕಿದ್ದು ಮನೆಯಲ್ಲಲ್ಲ, ಎಪಿಎಂಸಿಯಲ್ಲಿ. ಟೊಮೆಟೊ ಬಾಕ್ಸ್ ಲಾರಿಗೆ ಏರಿಸುತ್ತಿದ್ದ. ಅವನು ಕೆಲಸಕ್ಕೆ ಸೇರಿದ್ದು 3ನೇ ತಾರೀಖು, ಸಂಬಳ ಬರುವುದು ಮುಂದಿನ ತಿಂಗಳ 10ಕ್ಕೆ. ರೂಮಿನ ಅಡ್ವಾನ್ಸ್, ಮೆಸ್ಸು, ಬಸ್ಸು ಎಂದು ಭಾವನಿಂದ ತಂದ ಎರಡು ಸಾವಿರ ಮೂರನೇ ವಾರಕ್ಕೆ ಖಾಲಿ. "ಇಲ್ಲಿ ಸಂಜೆಗೆ ದುಡ್ಡು ಕೈಗೆ ಬರುತ್ತದೆ, ಸರ್" ಎಂದ. ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯೂ ಇವರಿಗಿಲ್ಲ, ಅದು ಪದವಿ, ಡಿಪ್ಲೊಮಾ ಮುಗಿಸಿದವರಿಗೆ. ನನ್ನವರು ಎಸ್‌ಎಸ್‌ಎಲ್‌ಸಿ ದಾಟಿದ್ದೇ ಹೆಚ್ಚು.

ಮುಂದಿನ ತಂಡದಿಂದ, ಕೆಲಸಕ್ಕೆ ಸೇರಿದ ಮೇಲೆ ಆರು ಶನಿವಾರ ತಲಾ 1,200 ರೂಪಾಯಿ ಸಾಲ ಕೊಟ್ಟೆ. ಬಡ್ಡಿಯಿಲ್ಲ, ಎರಡನೇ ಸಂಬಳದಿಂದ ನಾಲ್ಕು ಕಂತಿನಲ್ಲಿ ವಾಪಸು. 22 ಮಂದಿಗೆ ಒಂದೂವರೆ ಲಕ್ಷದ ಮೇಲಾಯಿತು. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಲೇತ್ ಯಂತ್ರ ಮಾರಿದೆ, ಉಳಿದದ್ದಕ್ಕೆ ಚೀಟಿ ಎತ್ತಿದೆ. "ಸಮುದ್ರಕ್ಕೆ ಸುರಿದ ಹಾಗೆ" ಎಂದು ನಕ್ಕವರಿಗೆ ಲೆಕ್ಕ ಹೇಳುತ್ತೇನೆ: ಮುಳುಗಿದ್ದು ಹನ್ನೊಂದು ಹನ್ನೆರಡು ಸಾವಿರ. ಆರು ತಿಂಗಳ ಮೇಲೂ 17 ಮಂದಿ ಕೆಲಸದಲ್ಲಿದ್ದರು. ಈಗ ಅದೇ ಸೂಪರ್‌ವೈಸರ್ ಹುಡುಗರು ಬೇಕೆಂದು ತಾವಾಗಿಯೇ ಫೋನ್ ಮಾಡುತ್ತಾರೆ.

ದುಡ್ಡನ್ನು ಒಟ್ಟಿಗೆ ಕೊಡಬೇಡಿ. ಒಮ್ಮೆ ಐವರಿಗೆ ಹಾಗೆ ಕೊಟ್ಟೆ. ಒಬ್ಬ ಹೊಸ ಮೊಬೈಲ್ ತಂದ, ಇನ್ನೊಬ್ಬನದು ಊರ ಜಾತ್ರೆಗೆ ಹೋಯಿತು. ಕೆಜಿಎಫ್‌ನ ಹುಡುಗರಿಗೆ ಮಾತ್ರ ಈ ಸಾಲ ಅಷ್ಟಾಗಿ ಬೇಕಾಗಲಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿಯುವುದು ಆ ಮನೆಗಳಿಗೆ ರೂಢಿಯಾಗಿದೆ; ಸೀಸನ್ ಪಾಸು, ಬುತ್ತಿ ಎಲ್ಲವೂ ಮೊದಲೇ ಸಿದ್ಧ.

ಸಂಬಂಧವಿಲ್ಲದ ಇನ್ನೊಂದು ಸಂಗತಿ. ಸೂಕ್ಷ್ಮ ಅಳತೆಯ ಉಪಕರಣವಾದ ವರ್ನಿಯರ್ ಓದಲು ಬಾರದವರಿಗೆ ಬೋರ್ಡಿನ ಮೇಲಿನ ಚಿತ್ರ ಅಳಿಸಿ, ಒಂದು ರೂಪಾಯಿ ನಾಣ್ಯ ಕೊಟ್ಟೆ. 2011ರ ಸರಣಿಯದು 22 ಮಿ.ಮೀ. ಸುಮಾರು, ಅದಕ್ಕೂ ಹಿಂದಿನ ದೊಡ್ಡದು 25. ಯಾರ ಅಳತೆ ಸರಿ ಎಂದು ಜಗಳಕ್ಕೆ ಬಿದ್ದು, ಮಧ್ಯಾಹ್ನದೊಳಗೆ ಎರಡನೇ ದಶಮಾಂಶದವರೆಗೆ ಓದುತ್ತಿದ್ದರು.

ಯಾವ ಹುಡುಗ ಯಾವ ವಾರ ಕೆಲಸ ಬಿಡುತ್ತಾನೆಂದು ನನಗೆ ಮೂರು ದಿನ ಮುಂಚೆ ತಿಳಿಯುತ್ತದೆ. ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೆಸ್ಸಿನವರೊಂದಿಗೆ ಸ್ನೇಹವಿರಲಿ ಎಂದಷ್ಟೇ ಹೇಳುತ್ತೇನೆ. ಹೆಣ್ಣುಮಕ್ಕಳ ತಂಡದಲ್ಲಿ ಈ ಲೆಕ್ಕವೇ ಬೇರೆ. ಅಲ್ಲಿ ಸಾಲಕ್ಕಿಂತ ರಾತ್ರಿ ಪಾಳಿಯ ಬಸ್ಸು ಎಲ್ಲಿ ಇಳಿಸುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಅದಕ್ಕೆ ಕಂಪನಿಯವರೊಂದಿಗೆ ಇನ್ನೂ ಹಗ್ಗಜಗ್ಗಾಟ ನಡೆದಿದೆ.