ಎರೆಹೊಲದಲ್ಲಿ ಕೋಳಿಗೂಡು ಎಷ್ಟು ಎತ್ತರ ಇರಬೇಕು

ಮುಧೋಳ ತಾಲೂಕಿನಲ್ಲಿ ಘಟಪ್ರಭೆಯ ದಂಡೆಗೆ ಹತ್ತಿರವಿರುವ ನಮ್ಮ ಹೊಲ ಪೂರ್ತಿ ಎರೆಮಣ್ಣಿನದು, ಸುತ್ತಲೂ ಕಬ್ಬು. ಇಂಥ ನೆಲದಲ್ಲಿ ಇಪ್ಪತ್ತೈದು ಜವಾರಿ ಕೋಳಿಗಳ ಗೂಡನ್ನು ನೆಲಕ್ಕೆ ಕೂಡಿಸಬೇಕೋ ಕಾಲುಗಳ ಮೇಲೆ ನಿಲ್ಲಿಸಬೇಕೋ ಎಂಬುದು ನನಗೆ ಎರಡು ಗೂಡು ಕಟ್ಟಿ ಕೆಡವಿದ ಮೇಲೆ ತಿಳಿಯಿತು.

ಮೊದಲನೆಯದನ್ನು ನೆಲದ ಮೇಲೆಯೇ ಕಟ್ಟಿದ್ದೆ. ಬೇಸಿಗೆಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಆದರೆ ಎರೆಮಣ್ಣು ಒಮ್ಮೆ ನೀರು ಕುಡಿದರೆ ಬೇಗ ಬಿಟ್ಟುಕೊಡುವುದಿಲ್ಲ; ಮಳೆ ನಿಂತು ವಾರ ಕಳೆದರೂ, ಪಕ್ಕದ ಕಬ್ಬಿಗೆ ನೀರು ಹಾಯಿಸಿದ ಮರುದಿನವೂ ತೇವ ಕೆಳಗಿನಿಂದ ಏರಿ ನಾನು ಹಾಸಿದ ಶೇಂಗಾ ಸಿಪ್ಪೆಯನ್ನು ತೋಯಿಸುತ್ತಿತ್ತು. ಹಾಸನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಉದುರಬೇಕು. ನನ್ನದು ಉಂಡೆಯಾಗಿಯೇ ಉಳಿಯುತ್ತಿತ್ತು, ಬಗ್ಗಿದರೆ ಅಮೋನಿಯಾ ಕಣ್ಣು ಉರಿಸುತ್ತಿತ್ತು. ಆ ಮಳೆಗಾಲದಲ್ಲಿ ಐದು ವಾರದ ಮರಿಗಳು ಪುಕ್ಕ ಕೆದರಿಕೊಂಡು ಮೂಲೆ ಹಿಡಿದವು, ಹಿಕ್ಕೆಯಲ್ಲಿ ರಕ್ತ ಕಾಣಿಸಿತು. ಪಶುವೈದ್ಯರು ಅದನ್ನು ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ ಎಂದು ಗುರುತಿಸಿ ನೀರಿನಲ್ಲಿ ಆಂಪ್ರೋಲಿಯಂ ಎಂಬ ಔಷಧಿ ಕೊಡಿಸಿದರು. ಹಿಕ್ಕೆಯೊಡನೆ ಹೊರಬೀಳುವ ಈ ರೋಗಾಣುವಿಗೆ ತೇವವೂ ಬೆಚ್ಚನೆಯ ಹವೆಯೂ ಸಿಕ್ಕರೆ ಒಂದೆರಡು ದಿನಗಳಲ್ಲಿಯೇ ಬೇರೆ ಮರಿಗೆ ತಗಲುವ ಶಕ್ತಿ ಬರುತ್ತದೆ. ನಾನು ಎರಡನ್ನೂ ಒದಗಿಸಿಕೊಟ್ಟಿದ್ದೆ. ಹನ್ನೊಂದು ಮರಿಗಳು ಹೋದವು.

ಎರಡನೆಯ ಗೂಡನ್ನು ಒಂದೇ ಇಟ್ಟಿಗೆಯಷ್ಟು ಎತ್ತರಿಸಿದೆ. ನಾನು ಕಟ್ಟಿದ ಮೂರು ಗೂಡುಗಳಲ್ಲಿ ಇದೇ ದೊಡ್ಡ ತಪ್ಪು. ಕೈ ಹೋಗದ, ಕಸಬರಿಗೆ ಆಡದ ಆ ಸಂದಿಯಲ್ಲಿ ಮೊದಲು ಹೆಗ್ಗಣ ಬಂತು, ಹೆಗ್ಗಣದ ಹಿಂದೆ ಹಾವು ಬಂತು. ಒಂದು ದಿನ ಹಾಡಹಗಲೇ ಮುಂಗಲಿಯೊಂದು ಅಲ್ಲಿಂದ ನೆಗೆದು, ಅಂಗಳದಲ್ಲಿ ಕೆದರುತ್ತಿದ್ದ ಹೇಂಟೆಯ ಕುತ್ತಿಗೆಗೆ ಬಾಯಿ ಹಾಕಿತು. ಹೊಟ್ಟೆಯ ಮೇಲೆ ಮಲಗಿ ಬ್ಯಾಟರಿ ಬಿಟ್ಟು ನೋಡಿದಾಗ ಕಂಡದ್ದು ಹೊಸದಾಗಿ ತೋಡಿ ಹಾಕಿದ ಮಣ್ಣಿನ ಗುಡ್ಡೆ, ಅದರ ಮೇಲೆ ತತ್ತಿಯ ಸಿಪ್ಪೆ. ಅಂದೇ ನಿರ್ಧರಿಸಿದೆ: ಗೂಡಿನ ಕೆಳಗೆ ಜಾಗ ಬಿಡುವುದಾದರೆ ಮನುಷ್ಯ ಬಗ್ಗಿ ಗುಡಿಸುವಷ್ಟು ಬಿಡಬೇಕು, ಇಲ್ಲವಾದರೆ ಬೆರಳಷ್ಟೂ ಬಿಡಬಾರದು.

ಈಗಿನ ಗೂಡು ಎರಡೂವರೆ ಅಡಿ ಎತ್ತರದಲ್ಲಿದೆ. ಜಾಲಿಯ ಕಾಲುಗಳನ್ನು ಒರಲೆ ತಿನ್ನುತ್ತದೆಂದು ಹಳೆಯ ಬೇಲಿಯ ಕಲ್ಲುಕಂಬಗಳನ್ನೇ ಬಳಸಿದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಕಂಬವನ್ನು ನೇರವಾಗಿ ಹೂಳಿದರೆ ವರ್ಷದಲ್ಲಿ ವಾಲುತ್ತದೆ. ಆದ್ದರಿಂದ ತಗ್ಗಿನ ತಳಕ್ಕೆ ಪರಸಿ, ಅಂದರೆ ಚಪ್ಪಡಿ ಕಲ್ಲು ಹಾಕಿ, ಸುತ್ತ ಗರಸು, ಅಂದರೆ ಹರಳು ಬೆರೆತ ಗಟ್ಟಿಮಣ್ಣು ತುಂಬಿ ಬಡಿದೆ. ಪ್ರತಿ ಕಂಬಕ್ಕೂ ಬೋರಲು ಹಾಕಿದ ಬುಟ್ಟಿಯಂತೆ ತಗಡಿನ ಕೊರಳಪಟ್ಟಿ ಕಟ್ಟಿದ ಮೇಲೆ ಹೆಗ್ಗಣ ಏರಿಲ್ಲ. ಹಕ್ಕಿಯೊಂದಕ್ಕೆ ಎರಡು ಚದರ ಅಡಿಯ ಲೆಕ್ಕದಲ್ಲಿ ಅಳತೆ 10 ಅಡಿಗೆ 5 ಅಡಿ, ಉದ್ದ ಪೂರ್ವ-ಪಶ್ಚಿಮವಾಗಿ. ನೆಲಕ್ಕೆ ಬಿದಿರಿನ ಪಟ್ಟಿಗಳಿವೆ, ನಡುವೆ ಅರ್ಧ ಇಂಚು ಸಂದಿ. ಹಿಕ್ಕೆ ಕೆಳಗೆ ಬೀಳುತ್ತದೆ, ವಾರಕ್ಕೊಮ್ಮೆ ಬಳಿದು ತಿಪ್ಪೆಗೆ ಹಾಕುತ್ತೇನೆ. ಏಪ್ರಿಲ್ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಕೋಳಿಗಳು ಮಧ್ಯಾಹ್ನವೆಲ್ಲ ಆ ಗೂಡಿನ ನೆರಳಿನಲ್ಲೇ ಮಲಗಿರುತ್ತವೆ, ಈ ಲಾಭವನ್ನು ನಾನು ಮೊದಲು ಎಣಿಸಿಯೇ ಇರಲಿಲ್ಲ. ಚಳಿಗಾಲದಲ್ಲಿ ಮಾತ್ರ ಕೆಳಗಿನಿಂದ ಗಾಳಿ ಹೊಡೆಯುತ್ತದೆ. ಡಿಸೆಂಬರ್ ಬಂದೊಡನೆ ಪಟ್ಟಿಗಳ ಮೇಲೆ ಗೋಣಿಚೀಲ ಹಾಸಿ, ಗಾಳಿ ಬೀಸುವ ಬದಿಗೂ ಒಂದನ್ನು ಇಳಿಬಿಡುತ್ತೇನೆ.

ಈ ಎತ್ತರ ಹೊಳೆಯಿಂದ ಕಾಪಾಡುತ್ತದೆಂದು ಯಾರೂ ನಂಬಬಾರದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರುಗಳನ್ನೇ ಹೊಕ್ಕಾಗ ಎರಡೂವರೆ ಅಡಿ ಯಾವ ಲೆಕ್ಕ? ಅದು ತೇವಕ್ಕೆ, ಹೆಗ್ಗಣಕ್ಕೆ ಮಾತ್ರ ಉತ್ತರ.

ನನ್ನ ತಮ್ಮ ಇನ್ನೂರು ಗಿರಿರಾಜ ಸಾಕಲು ಹೊರಟಾಗ ನಾನೇ ಎತ್ತರದ ಗೂಡು ಬೇಡವೆಂದೆ. ಅಷ್ಟು ಹಕ್ಕಿಗೆ ಕಂಬ ನಿಲ್ಲಿಸುವ ಖರ್ಚು ದಕ್ಕುವುದಿಲ್ಲ. ಅದಲ್ಲದೆ ಗಿರಿರಾಜ ಭಾರವಾದ ತಳಿ, ಎತ್ತರದಿಂದ ಮತ್ತೆಮತ್ತೆ ಧುಮುಕಿದರೆ ಅಂಗಾಲು ಒಡೆದು ಬಾವು ಬರುತ್ತದೆ. ಅವನು ಗರಸು ತುಂಬಿ ಒಂದೂವರೆ ಅಡಿ ಕಟ್ಟೆ ಎಬ್ಬಿಸಿ, ಮೇಲೆ ಕಾಂಕ್ರೀಟ್ ಹಾಕಿಸಿ, ಐದಾರು ಇಂಚು ಶೇಂಗಾ ಸಿಪ್ಪೆ ಹಾಸಿದ್ದಾನೆ. ಹೋದಾಗಲೆಲ್ಲ ಒಂದು ಮುಷ್ಟಿ ತೆಗೆದು ಒತ್ತಿ ನೋಡುತ್ತೇನೆ, ಉದುರುತ್ತದೆ.