ಒಂದೇ ವರ್ಷದ ಐದು ಕೆಂಪು ವೈನ್: ರುಚಿ ನೋಡಿ ತೂಗುವುದು ಹೇಗೆ?

ಪುಣೆಯ ನಮ್ಮ ಮನೆಯಲ್ಲಿ ಹೋದ ತಿಂಗಳು ಆರು ಜನ ಕನ್ನಡದವರು ಸೇರಿದ್ದೆವು. ಶಿರಸಿ ಕಡೆಯ ಅಕ್ಕ ಒಬ್ಬರು ಮೂರನೇ ಗ್ಲಾಸಿನಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿ ನೋಡಿದರು. ‘ಇದು ಅಡಿಕೆ ಚೊಗರಿನ ಹಾಗೇ ಇದೆಯಲ್ರೀ’ ಅಂದರು. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುತ್ತದಲ್ಲ, ಆ ಕೆಂಪು ನೀರು. ಅವರ ಮಾತು ನೂರಕ್ಕೆ ನೂರು ಸರಿ. ಚೊಗರಿನ ಒಗರಿಗೂ ಕೆಂಪು ವೈನಿನ ಒಗರಿಗೂ ಕಾರಣ ಒಂದೇ, ಟ್ಯಾನಿನ್.

ವೈನ್ ರುಚಿ ನೋಡೋಕೆ ಫ್ರೆಂಚ್ ಪದಗಳು ಬೇಕು ಅಂತ ಬಹಳ ಜನ ಹಿಂಜರಿಯುತ್ತಾರೆ. ಬೇಕಾಗಿಲ್ಲ. ಹುಳಿ, ಒಗರು, ಕಹಿ, ಘಮ ಎಲ್ಲ ನಮ್ಮ ಅಡುಗೆಮನೆಯ ಮಾತುಗಳೇ. ಬೇಕಾದ್ದು ಹೋಲಿಸಿ ನೋಡುವ ಅಭ್ಯಾಸ. ಅದಕ್ಕೆ ಒಂದೇ ವರ್ಷದ ಬಾಟಲಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಬಾಟಲಿ ಆರಿಸುವಾಗ

ಲೇಬಲ್ ಮೇಲಿನ ವರ್ಷ ದ್ರಾಕ್ಷಿ ಕೊಯ್ದ ವರ್ಷ. ಇದನ್ನೇ ವಿಂಟೇಜ್ ಅನ್ನುವುದು. ವರ್ಷದ ಜೊತೆ ತಳಿಯೂ ಒಂದೇ ಇರಲಿ. ಕ್ಯಾಬರ್ನೆ ಸೊವಿನ್ಯೋ ಆದರೆ ಐದೂ ಅದೇ, ಶಿರಾಜ್ ಆದರೆ ಐದೂ ಶಿರಾಜ್. ಪುಣೆಯಲ್ಲಿ ನಾಸಿಕ್‌ನ ವೈನ್ ಸುಲಭವಾಗಿ ಸಿಗುತ್ತದೆ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾಟೆಲ್ಲಿ ವೈನ್ ಕಂಪನಿಯವರ ತೋಟಗಳಿವೆ, ಅಲ್ಲಿಯದೂ ಒಂದಿರಲಿ. ನಂದಿ ಬೆಟ್ಟದ ಕಡೆಯದು ಸಿಕ್ಕರೆ ಬಿಡಬೇಡಿ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ನಮ್ಮ ಕಡೆ ದ್ರಾಕ್ಷಿ ಬಳ್ಳಿ ಯುರೋಪಿನ ಹಾಗೆ ಚಳಿಗಾಲದಲ್ಲಿ ನಿದ್ದೆಗೆ ಹೋಗುವುದಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಚಾಟನಿ, ಅಂದರೆ ಬಳ್ಳಿ ಕತ್ತರಿಸುವುದು: ಒಂದು ಏಪ್ರಿಲ್ ಸುಮಾರಿಗೆ, ಇನ್ನೊಂದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಹಣ್ಣು ಕೊಯ್ಯುವುದು ಜನವರಿಯಿಂದ ಮಾರ್ಚ್‌ವರೆಗೆ. ಫ್ರಾನ್ಸಿನ ಬೋರ್ಡೋದಲ್ಲಿ ಕೊಯ್ಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಂದರೆ ನಾಸಿಕ್‌ನ 2020ರ ವೈನ್ ಬೋರ್ಡೋದ 2020ಕ್ಕಿಂತ ಆರು ತಿಂಗಳಿಗೂ ಜಾಸ್ತಿ ಹಿರಿಯದು. ಎರಡನ್ನೂ ಒಂದೇ ಸಾಲಿನಲ್ಲಿ ಇಡಬೇಡಿ. ಇನ್ನೊಂದು ಮಾತು. 2019ರ ಅಕ್ಟೋಬರ್-ನವೆಂಬರ್‌ನಲ್ಲಿ ಅಕಾಲ ಮಳೆ ಬಿದ್ದು ನಾಸಿಕ್ ದ್ರಾಕ್ಷಿಗೆ ಪೆಟ್ಟು ಬಿತ್ತು. ಆ ಮಳೆಯ ಕಥೆ ಹುಡುಕಬೇಕಾದ್ದು 2019ರ ಬಾಟಲಿಯಲ್ಲಿ ಅಲ್ಲ, 2020ರದರಲ್ಲಿ.

ಖರೀದಿಸುವಾಗ ಬಾಟಲಿಯ ಕತ್ತನ್ನು ಮುಟ್ಟಿ ನೋಡಿ. ಒಮ್ಮೆ ನಾನು ಅಂಗಡಿಯ ಕಿಟಕಿ ಪಕ್ಕ, ಬಿಸಿಲಿಗೆ ನಿಲ್ಲಿಸಿದ್ದ ಬಾಟಲಿ ತಂದೆ. ಮೇ ತಿಂಗಳು. ಮನೆಗೆ ಬಂದು ನೋಡಿದರೆ ಕಾರ್ಕ್ ಒಂದು ಕೂದಲೆಳೆಯಷ್ಟು ಮೇಲೆದ್ದಿತ್ತು. ಒಳಗಿನ ವೈನ್ ಬೇಯಿಸಿದ ಒಣದ್ರಾಕ್ಷಿಯ ವಾಸನೆ ಹೊಡೆಯುತ್ತಿತ್ತು. ಅದನ್ನು ಮಾಡಿದವರ ಶ್ರಮವೆಲ್ಲ ನೀರುಪಾಲಾಯಿತಲ್ಲ ಅಂತ ಇವತ್ತಿಗೂ ಬೇಜಾರಿದೆ.

ಮನೆ ಸಿದ್ಧತೆ

ಬೆಳಿಗ್ಗೆ ಹನ್ನೊಂದು ಗಂಟೆ ಒಳ್ಳೆಯ ಹೊತ್ತು. ಹೊಟ್ಟೆ ಭಾರ ಇರುವುದಿಲ್ಲ, ಮೂಗು ಚುರುಕಾಗಿರುತ್ತದೆ. ಅಂದು ಊದುಬತ್ತಿ ಬೇಡ, ಒಗ್ಗರಣೆ ಬೇಡ, ಮುಡಿಗೆ ಮಲ್ಲಿಗೆ ಬೇಡ, ಸೆಂಟ್ ಅಂತೂ ಬೇಡವೇ ಬೇಡ.

ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನುವುದು ಚಳಿ ದೇಶದ ಮಾತು. ನಮ್ಮ ಕೋಣೆ 30 ಡಿಗ್ರಿ ಇರುತ್ತದೆ. ಬೇಕಾದ್ದು 16ರಿಂದ 18. ಫ್ರಿಜ್‌ನಲ್ಲಿ ಸುಮಾರು ಒಂದೂವರೆ ಗಂಟೆ ಇಡಿ.

ಕಾರ್ಕ್ ತೆಗೆದವರು ಮೊದಲು ಒಂದು ಚೂರು ಮೂಸಿ ನೋಡಲಿ. ಒದ್ದೆಯಾದ ರಟ್ಟಿನ ಡಬ್ಬದ ವಾಸನೆ ಬಂದರೆ ಅದು ಕಾರ್ಕ್‌ನಿಂದ ಬಂದ ದೋಷ. ಆ ಬಾಟಲಿ ಪಕ್ಕಕ್ಕಿಡಿ, ಗಾಳಿಗೆ ಬಿಟ್ಟರೂ ಅದು ಸರಿಹೋಗುವುದಿಲ್ಲ. ಆಮೇಲೆ ಬಾಟಲಿಗಳಿಗೆ ಹಳೆಯ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕತ್ತಿನ ಮೇಲಿನ ಹಾಳೆಯನ್ನೂ ಪೂರ್ತಿ ಕಿತ್ತುಬಿಡಿ, ಅದರ ಬಣ್ಣ ಗುಟ್ಟು ಬಿಟ್ಟುಕೊಡುತ್ತದೆ. ಒಬ್ಬರು ಸುತ್ತಿದರೆ ಇನ್ನೊಬ್ಬರು ನಂಬರ್ ಬರೆಯಲಿ.

ಮುಚ್ಚಿ ಕೊಡುವುದು ಯಾಕೆ ಅಂತೀರಾ? 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ಪರಿಣತರು ಫ್ರಾನ್ಸ್ ಮತ್ತು ಕ್ಯಾಲಿಫೋರ್ನಿಯಾದ ವೈನ್‌ಗಳಿಗೆ ಹೆಸರು ನೋಡದೆ 20ಕ್ಕೆ ಅಂಕ ಕೊಟ್ಟರು. ಕೆಂಪು ವೈನಿನಲ್ಲಿ ಗೆದ್ದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್. ಲೇಬಲ್ ಕಾಣುತ್ತಿದ್ದರೆ ಅದಕ್ಕೆ ಅಷ್ಟು ಅಂಕ ಸಿಗುತ್ತಿತ್ತು ಅಂತ ನನಗಂತೂ ಅನ್ನಿಸುವುದಿಲ್ಲ. ಆದರೆ ಅಲ್ಲಿ ವರ್ಷಗಳು ಬೇರೆ ಬೇರೆ ಇದ್ದವು: ಗೆದ್ದದ್ದು 1973ರದು, ಫ್ರಾನ್ಸಿನವು 1970 ಮತ್ತು 1971ರವು. ವರ್ಷ ಒಂದೇ ಇದ್ದರೆ ‘ವಯಸ್ಸು ಬೇರೆ, ಹೋಲಿಕೆ ಸರಿಯಲ್ಲ’ ಅನ್ನುವ ತಕರಾರಿಗೆ ಜಾಗವೇ ಇಲ್ಲ.

ಒಬ್ಬರಿಗೆ ಮೂರು ಗ್ಲಾಸ್ ಸಾಕು. ಮೊದಲ ಸುತ್ತಿನಲ್ಲಿ ಒಂದು, ಎರಡು, ಮೂರನೇ ನಂಬರ್. ಎರಡನೇ ಸುತ್ತಿನಲ್ಲಿ ನಾಲ್ಕು, ಐದು, ಜೊತೆಗೆ ಮೊದಲ ಸುತ್ತಿನ ಒಂದು ಗ್ಲಾಸ್ ಹಾಗೇ ಉಳಿಸಿಕೊಳ್ಳಿ. ಹಾಗಾದರೆ ಅಳತೆ ತಪ್ಪುವುದಿಲ್ಲ. ಒಂದು ಗ್ಲಾಸಿಗೆ 50 ಮಿಲಿ ಹಾಕಿದರೆ ಆರು ಜನಕ್ಕೆ 300 ಮಿಲಿ. 750 ಮಿಲಿ ಬಾಟಲಿಯಲ್ಲಿ ಉಳಿದ 450 ಮಿಲಿ ಆಮೇಲೆ ಬೇಕಾಗುತ್ತದೆ.

ನೋಡಿ, ಮೂಸಿ, ಗುಟುಕರಿಸಿ

ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಿ. ನಡುವಿನ ಬಣ್ಣಕ್ಕಿಂತ ಅಂಚಿನ ಬಣ್ಣ ನೋಡಿ. ಎಳೆ ವೈನಿನ ಅಂಚು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ವಯಸ್ಸಾದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಎಲ್ಲದಕ್ಕೂ ಒಂದೇ ವಯಸ್ಸು, ಆದರೂ ಒಂದರ ಅಂಚು ಮಾತ್ರ ಇಟ್ಟಿಗೆಯಾಗಿದ್ದರೆ ಅದು ಬೇಗ ಮುದಿಯಾಗುತ್ತಿದೆ ಅಂತ ತಿಳಿಯಿರಿ.

ಕುಡಿಯುವ ಮೊದಲು ಎದುರಿಗಿರುವ ಎಲ್ಲ ಗ್ಲಾಸ್ ಮೂಸಿ. ಮೊದಲು ಅಲ್ಲಾಡಿಸದೆ, ಆಮೇಲೆ ತಿರುಗಿಸಿ. ಕ್ಯಾಬರ್ನೆಯಲ್ಲಿ ಕಪ್ಪು ಹಣ್ಣುಗಳ ಘಮ ಇರಬೇಕು. ದೊಣ್ಣೆ ಮೆಣಸಿನಕಾಯಿ ಹೆಚ್ಚಿದ ವಾಸನೆ ಜಾಸ್ತಿ ಬಂದರೆ ಹಣ್ಣು ಪೂರ್ತಿ ಮಾಗಿರಲಿಲ್ಲ ಅಂತ ಅರ್ಥ. ಶಿರಾಜ್‌ನಲ್ಲಿ ಕಾಳುಮೆಣಸಿನ ಘಮ ಹುಡುಕಿ. ಅದು ಬರೀ ಹೋಲಿಕೆಯಲ್ಲ. ಕಾಳುಮೆಣಸಿಗೆ ಘಮ ಕೊಡುವ ರೊಟಂಡೋನ್ ಶಿರಾಜ್ ಸಿಪ್ಪೆಯಲ್ಲೂ ಇರುತ್ತದೆ. ವೆನಿಲಾ, ಲವಂಗ, ಕೊಬ್ಬರಿ ಬಂದರೆ ಅದು ಓಕ್ ಪೀಪಾಯಿಯ ಕೊಡುಗೆ.

ಈಗ ಒಂದು ಗುಟುಕು. ಸ್ವಲ್ಪ ಗಾಳಿ ಎಳೆದುಕೊಂಡು ಬಾಯಿ ತುಂಬ ಓಡಾಡಿಸಿ, ಪಾತ್ರೆಗೆ ಉಗಿಯಿರಿ. ಸಂಕೋಚ ಬೇಡ. ಉಗಿಯದಿದ್ದರೆ ಐದನೇ ಗ್ಲಾಸಿನ ಹೊತ್ತಿಗೆ ನಾಲಿಗೆ ನ್ಯಾಯ ಹೇಳುವುದಿಲ್ಲ. ತಲೆ ಬಗ್ಗಿಸಿ ನೋಡಿ, ಬಾಯಲ್ಲಿ ಎಷ್ಟು ನೀರೂರುತ್ತದೋ ಅಷ್ಟು ಹುಳಿ. ಒಸಡು ಬಿಗಿಯುವುದು ಒಗರು. ಒಗರು ಇರುವುದು ತಪ್ಪಲ್ಲ, ಅದು ಯಾವ ಬಗೆಯದು ಅನ್ನುವುದು ಮುಖ್ಯ. ಹಸಿ ಬಾಳೆಕಾಯಿಯ ಹಾಗೆ ತರಕಲಾಗಿದೆಯೋ, ಒಳ್ಳೆ ಚಹಾದ ಡಿಕಾಕ್ಷನ್ ಹಾಗೆ ನಯವಾಗಿದೆಯೋ? ಗಂಟಲಲ್ಲಿ ಉರಿ ಹತ್ತಿದರೆ ಆಲ್ಕೋಹಾಲ್ ಮಿಕ್ಕಿದೆ. ತಿಳಿಸಾರಿನ ಹಾಗೆ ತೆಳ್ಳಗಿದೆಯೋ, ಸಾಂಬಾರಿನ ಹಾಗೆ ಮಂದವೋ ಬರೆದುಕೊಳ್ಳಿ. ಕೊನೆಗೆ ರುಚಿ ಎಷ್ಟು ಹೊತ್ತು ಉಳಿಯಿತು ಅಂತ ಮನಸ್ಸಲ್ಲೇ ಎಣಿಸಿ. ಐದು ಎಣಿಸುವಷ್ಟರಲ್ಲಿ ಮಾಯವಾದರೆ ಸಾಧಾರಣ. ಹದಿನೈದು ದಾಟಿದರೆ ಗೌರವದಿಂದ ನೋಡಬೇಕಾದ ವೈನ್. ನಡುನಡುವೆ ಬಾಯಿಗೆ ಸಪ್ಪೆ ಮಂಡಕ್ಕಿ ಮತ್ತು ನೀರು.

ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಮಾತಾಡಬಾರದು. ಒಬ್ಬರು ‘ನೇರಳೆ’ ಅಂದರೆ ಎಲ್ಲರ ಮೂಗಿಗೂ ನೇರಳೆಯೇ ಬರುತ್ತದೆ. ನಾವು ಬಣ್ಣಕ್ಕೆ 2, ಘಮಕ್ಕೆ 6, ಬಾಯಿರುಚಿಗೆ 8, ಉಳಿಯುವ ರುಚಿಗೆ 4 ಅಂತ 20 ಅಂಕ ಇಟ್ಟುಕೊಂಡಿದ್ದೇವೆ.

ಪೇಪರ್ ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಐದರಲ್ಲೂ ಸಮಾನವಾಗಿ ಇದ್ದದ್ದೇನು? ಅದು ಬಹುಪಾಲು ತಳಿಯದು, ಆ ವರ್ಷದ ಹವೆಯದು. ಯುರೋಪಿನಲ್ಲಿ 2003ರ ಬೇಸಿಗೆ ಬೆಂಕಿಯಂಥ ಬಿಸಿ, ಆ ವರ್ಷದ ಎಷ್ಟೋ ವೈನ್‌ಗಳಲ್ಲಿ ಹುಳಿ ಕಮ್ಮಿ, ಹಣ್ಣು ಬೆಂದ ರುಚಿ. ಒಂದೊಂದರಲ್ಲೂ ಬೇರೆಯಾಗಿ ಕಂಡದ್ದು ಮಣ್ಣಿನದು, ಮಾಡಿದ ಕೈಯದು. ಹೀಗೆ ಬೇರ್ಪಡಿಸಿ ನೋಡುವುದು ಒಂದೇ ಬಾಟಲಿಯಿಂದ ಆಗುವ ಕೆಲಸವಲ್ಲ.

ಉಳಿದದ್ದಕ್ಕೆ ಕಾರ್ಕ್ ಹಾಕಿ ಫ್ರಿಜ್‌ನಲ್ಲಿಡಿ. ಮಾರನೇ ದಿನ ಸಂಜೆ ಅದೇ ನಂಬರ್‌ಗಳನ್ನು ಮತ್ತೆ ನೋಡಿ, ಅಂಕ ತಿದ್ದಿ. ಶಿರಸಿಯ ಅಕ್ಕ ಚೊಗರು ಅಂದಿದ್ದ ಮೂರನೇ ನಂಬರ್‌ಗೆ ನಾನು 12 ಕೊಟ್ಟಿದ್ದೆ. ಸೋಮವಾರ ರಾತ್ರಿ ಅದರ ಒಗರು ಮೆತ್ತಗಾಗಿತ್ತು, ಒಳಗಿಂದ ಹಣ್ಣು ಮೇಲೆ ಬಂದಿತ್ತು. 16 ಅಂತ ತಿದ್ದಿ ಅವರಿಗೆ ಫೋನ್ ಮಾಡಿದೆ.