ಗ್ಯಾಸ್ ತಡೆಯೋಕೆ ಆಗುತ್ತಾ ಅಂತ ನಾನು ಯಾಕೆ ಕೇಳುತ್ತೇನೆ

ಹುಬ್ಬಳ್ಳಿಯಲ್ಲಿ ಸರ್ಜನ್ ಆಗಿರುವ ನನ್ನ ಹತ್ತಿರ ಫಿಶರ್‌ನವರು, ಅಂದರೆ ಗುದದ್ವಾರದಲ್ಲಿ ಬಿರುಕು ಬಿಟ್ಟವರು, ಬರುವುದು ತಡವಾಗಿಯೇ. ಅಷ್ಟೊತ್ತಿಗೆ ಮೆಡಿಕಲ್ ಶಾಪಿನ ಮುಲಾಮು, ಯಾರೋ ಹೇಳಿದ ಚೂರ್ಣ ಎಲ್ಲ ಆಗಿರುತ್ತದೆ. "ಸಂಡಾಸಕ್ಕ ಹೋಗಾಕ ಅಂಜಿಕಿ ಬರ್ತೇತ್ರಿ, ಗಾಜಿನ ಚೂರು ಕೊಯ್ದಂಗ ಆಕ್ಕೇತಿ. ಆಪರೇಷನ್ ಮಾಡಿಬಿಡ್ರಿ ಸಾಹೇಬ್ರ" ಅನ್ನುತ್ತಾರೆ.

ಪಾಪ, ತಪ್ಪೆಲ್ಲ ಬ್ಯಾಡಗಿ ಮೆಣಸಿನಕಾಯಿ ಮೇಲೆ ಬೀಳುತ್ತದೆ. ಖಾರ ತಿಂದರೆ ಉರಿ ಜಾಸ್ತಿ ಆಗಬಹುದು. ಆದರೆ ಬಿರುಕು ಬೀಳುವುದು ಹೆಚ್ಚಾಗಿ ಗಟ್ಟಿ ಮಲದಿಂದ. ಆರದೆ ಉಳಿಯುವುದು ಗುದದ ಒಳಗಿನ ಸ್ನಾಯು ಬಿಗಿ ಹಿಡಿಯುವುದರಿಂದ. ನೋವಿಗೆ ಸ್ನಾಯು ಬಿಗಿಯುತ್ತದೆ, ಬಿಗಿದಾಗ ಅಲ್ಲಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ರಕ್ತ ಹೋಗದ ಗಾಯ ಆರುವುದಿಲ್ಲ. ಆರೆಂಟು ವಾರ ದಾಟಿ, ಅಂಚು ಗಟ್ಟಿಯಾಗಿ, ಹೊರಗೆ ಚರ್ಮದ ತುಣುಕು ಜೋತುಬಿದ್ದರೆ ಅದು ಹಳೆಯ ಫಿಶರ್. ಬಿರುಕು ಹಿಂದಿನ ಅಥವಾ ಮುಂದಿನ ನಡುಭಾಗದಲ್ಲಿರದೆ ಪಕ್ಕದಲ್ಲಿದ್ದರೆ ಮಾತ್ರ ನಾನು ಟಿಬಿ, ಕ್ರೋನ್ಸ್ (ಕರುಳಿನ ಉರಿಯೂತದ ಕಾಯಿಲೆ) ಇತ್ಯಾದಿ ಇದೆಯೇ ಎಂದು ಮೊದಲು ನೋಡುತ್ತೇನೆ.

ಹಳೆಯದಾದರೂ ಮೊದಲು ಸ್ನಾಯು ಸಡಿಲಿಸುವ 2% ಡಿಲ್ಟಿಯಾಜೆಮ್ ಮುಲಾಮು, ಇಸಬ್ಗೋಲ್, ಜಾಸ್ತಿ ನೀರು, ಟಬ್‌ನಲ್ಲಿ ಬಿಸಿನೀರು ಹಾಕಿ ಕೂರುವುದು. ಎರಡು ತಿಂಗಳು ಬಿಡದೆ ಮಾಡಿದರೆ ಎಷ್ಟೋ ಜನರಿಗೆ ಆಪರೇಷನ್ ಬೇಕಾಗುವುದೇ ಇಲ್ಲ.

ಅದಕ್ಕೂ ಬಗ್ಗದಿದ್ದರೆ ಆಗ ಕೇಳುತ್ತೇನೆ: "ನಾಲ್ಕು ಮಂದಿ ನಡುವೆ ಕೂತಾಗ ಗ್ಯಾಸ್ ತಡೀಲಿಕ್ಕೆ ಆಗ್ತದೇನ್ರಿ? ಒಳಬಟ್ಟೆಗೆ ಕಲೆ ಆಗ್ತದೇನು?" ಗಂಡಸರು ನಗುತ್ತಾರೆ. ಹೆಂಗಸರು ಜೊತೆಗೆ ಬಂದವರ ಮುಖ ನೋಡುತ್ತಾರೆ. ಜೊತೆಗಿದ್ದವರನ್ನು ಹೊರಗೆ ಕಳಿಸಿ ಮತ್ತೆ ಕೇಳುತ್ತೇನೆ.

ಕಾರಣ ಇದೆ. ಹಳೆಯ ಫಿಶರ್‌ಗೆ ಚೆನ್ನಾಗಿ ಕೆಲಸ ಮಾಡುವ ಆಪರೇಷನ್ ಎಂದರೆ ಲ್ಯಾಟರಲ್ ಸ್ಫಿಂಕ್ಟರೋಟಮಿ, ಅಂದರೆ ಗುದದ ಒಳಸ್ನಾಯುವನ್ನು ಪಕ್ಕದಲ್ಲಿ ಸ್ವಲ್ಪ ಕತ್ತರಿಸುವುದು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿಗೆ ಗಾಯ ಆರುತ್ತದೆ. ಆದರೆ ನಾವು ಕತ್ತರಿಸುವ ಒಳಸ್ನಾಯುವೇ ನಾವು ಸುಮ್ನೆ ಕೂತಾಗಲೂ ಗುದವನ್ನು ಮುಚ್ಚಿ ಹಿಡಿಯುವುದು. ಕೆಲವರಿಗೆ ಆಮೇಲೆ ಗ್ಯಾಸ್ ನಿಲ್ಲುವುದಿಲ್ಲ, ಇನ್ನು ಕೆಲವರಿಗೆ ಸ್ವಲ್ಪ ಕಲೆಯಾಗುತ್ತದೆ. ಗಟ್ಟಿ ಮಲವೇ ತಡೆಯದಂತಾಗುವುದು ಅಪರೂಪ. ಎಷ್ಟು ಜನರಿಗೆ ಹೀಗೆ ಎಂಬುದಕ್ಕೆ ಒಂದೊಂದು ಅಧ್ಯಯನದಲ್ಲಿ ಒಂದೊಂದು ಲೆಕ್ಕ. ಕೆದಕಿ ಕೇಳಿದಷ್ಟೂ ಲೆಕ್ಕ ಏರುತ್ತದೆ.

1951ರಲ್ಲಿ ಐಸೆನ್‌ಹ್ಯಾಮರ್ ಎಂಬ ಸರ್ಜನ್ ಈ ಸ್ನಾಯುವನ್ನು ಕತ್ತರಿಸುವುದನ್ನು ವಿವರಿಸಿದರು. ಆಗ ಹಿಂಭಾಗದ ನಡುವಿನಲ್ಲೇ ಕತ್ತರಿಸುತ್ತಿದ್ದರು. ಅಲ್ಲಿ ಗಾಯ ಆರಿದ ಮೇಲೆ ತೋಡಿನಂಥ ಗುರುತು ಉಳಿದು ಸೋರುತ್ತಿತ್ತು. 1969ರಲ್ಲಿ ನೋಟಾರಸ್ ಎಂಬ ಇನ್ನೊಬ್ಬ ಸರ್ಜನ್ ಚರ್ಮದ ಕೆಳಗಿನಿಂದ ಪಕ್ಕದಲ್ಲಿ ಕತ್ತರಿಸುವ ವಿಧಾನ ಬರೆದರು. ನಾನು ಮಾಡುವುದು ತೆರೆದ ವಿಧಾನ, ಕಣ್ಣಿಗೆ ಕಂಡದ್ದನ್ನೇ ಕತ್ತರಿಸಬಹುದು ಅಂತ. ಬೆರಳಿಟ್ಟರೆ ಎರಡು ಸ್ನಾಯುಗಳ ನಡುವಿನ ಸಂದು ಸಿಗುತ್ತದೆ. ಅಲ್ಲಿ ಎಡಗಡೆ ಸಣ್ಣ ಗಾಯ ಮಾಡಿ ಬಿಡಿಸಿದರೆ ಒಳಸ್ನಾಯು ಬೆಳ್ಳಗೆ ಕಾಣುತ್ತದೆ. ಹೊರಸ್ನಾಯು ಕೆಂಪು, ಅದನ್ನು ಮುಟ್ಟುವುದೇ ಇಲ್ಲ. ಬಿಳಿ ಪಟ್ಟಿಯನ್ನು ಬಿರುಕಿನ ಮೇಲ್ತುದಿಯ ಎತ್ತರದವರೆಗೆ ಮಾತ್ರ ಕತ್ತರಿಸುತ್ತೇನೆ. ಬಿಗಿ ಸಡಿಲಾದದ್ದು ಒಳಗಿರುವ ಬೆರಳಿಗೆ ತಟ್ಟನೆ ಗೊತ್ತಾಗುತ್ತದೆ. ಕಡಿಮೆ ಕತ್ತರಿಸಿದರೆ ಬಿರುಕು ಮರುಕಳಿಸುವ ಸಾಧ್ಯತೆ ಸ್ವಲ್ಪ ಹೆಚ್ಚು. ಇರಲಿ. ಮತ್ತೆ ಬಂದರೆ ಮತ್ತೆ ನೋಡಬಹುದು, ಕತ್ತರಿಸಿದ ಸ್ನಾಯುವನ್ನು ವಾಪಸ್ ಕೂಡಿಸುವುದು ಸುಲಭವಲ್ಲ ಅಲ್ವಾ?

ಗದಗ ಕಡೆಯ ಒಬ್ಬ ಶಿಕ್ಷಕಿಗೆ ಬಿರುಕು ಮುಂಭಾಗದಲ್ಲಿತ್ತು. ಹೆರಿಗೆಯಲ್ಲಿ ಫೋರ್ಸೆಪ್ಸ್ (ಮಗುವನ್ನು ಹೊರತೆಗೆಯುವ ಇಕ್ಕಳ) ಹಾಕಿದ್ದರು. "ಪಾಠ ಮಾಡೂಮುಂದ ಕೆಮ್ಮು ಬಂದ್ರ ಹೆದರಿಕಿ ಆಗ್ತದ ಸರ್" ಎಂದರು. ಹೆರಿಗೆಯಲ್ಲಿ ಸ್ನಾಯುವಿಗೆ ಮೊದಲೇ ಪೆಟ್ಟಾಗಿರಬಹುದು, ಇಂಥವರ ಸ್ನಾಯುವಿಗೆ ನಾನು ಕತ್ತರಿ ಹಾಕುವುದಿಲ್ಲ. ಬಿರುಕನ್ನು ಕೆತ್ತಿ ತೆಗೆದು, ಪಕ್ಕದ ಚರ್ಮವನ್ನು ಸರಿಸಿ ಮುಚ್ಚಿದೆವು. ಫ್ಲ್ಯಾಪ್ ಎನ್ನುತ್ತಾರೆ. ಹೊಲಿಗೆ ಬಿಡಬಹುದು, ಆರೈಕೆ ಜಾಸ್ತಿ, ಆದರೆ ಸ್ನಾಯು ಇದ್ದ ಹಾಗೇ ಉಳಿಯುತ್ತದೆ. ಬೊಟಾಕ್ಸ್ ಇಂಜೆಕ್ಷನ್ ಇನ್ನೊಂದು ದಾರಿ. ಸ್ನಾಯುವನ್ನು ಸುಮಾರು ಮೂರು ತಿಂಗಳು ಸಡಿಲಿಸುತ್ತದೆ. ಸೋರಿದರೂ ಸಾಮಾನ್ಯವಾಗಿ ಆ ಅವಧಿಗಷ್ಟೇ. ಗಾಯ ಆರುವ ಖಾತ್ರಿ ಕಡಿಮೆ, ಖರ್ಚು ಜಾಸ್ತಿ. ಬೆರಳು ಹಾಕಿ ಹಿಗ್ಗಿಸುವ ಹಳೆಯ ಪದ್ಧತಿಯನ್ನು ನಾನು ಮಾಡುವುದೇ ಇಲ್ಲ. ಸ್ನಾಯು ಎಲ್ಲಿ, ಎಷ್ಟು ಹರಿಯಿತು ಎಂಬುದು ಕೈಗೆ ಗೊತ್ತಾಗುವುದಿಲ್ಲ.

ಆಪರೇಷನ್ ಆದ ಹೊಸದರಲ್ಲಿ ಗ್ಯಾಸ್ ತಪ್ಪಿಸಿಕೊಳ್ಳುವುದು ಹಲವರಲ್ಲಿ ಕೆಲವೇ ವಾರಗಳಲ್ಲಿ ಸರಿಹೋಗುತ್ತದೆ. ಅದನ್ನು ಮೊದಲೇ ಹೇಳಿರುತ್ತೇನೆ. ತಿಂಗಳುಗಳ ನಂತರ ಬಂದಾಗ ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತೇನೆ, ತಾವಾಗಿ ಯಾರೂ ಹೇಳುವುದಿಲ್ಲವಲ್ಲ. ಇಸಬ್ಗೋಲ್ ನಡೆದಿದೆಯಾ ಎಂದೂ ವಿಚಾರಿಸುತ್ತೇನೆ. "ಆರಾಮ ಆತಲ್ರಿ, ಅದಕ್ಕ ಬಿಟ್ಟೇನಿ" ಎನ್ನುವವರಿಗೆ ಚೀಟಿಯಲ್ಲಿ ಮತ್ತೆ ಅದನ್ನೇ ಬರೆದುಕೊಡುತ್ತೇನೆ.